ಹುಲ್ಲಿನ ಮುಡಿಯಲ್ಲಿಟ್ಟ ಬೀಜಕ್ಕೂ ಲೈಸೆನ್ಸ್ ಬೇಕಾ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನದ್ದು ಒಂದೇ ವಿಷಯ, ಹೊಸ ಕಾನೂನು ಬಂತಂತೆ ಇನ್ನು ನಮ್ಮ ಗತಿ ಎಂತ ಅಂತ. ಅದ್ರಲ್ಲಿ ನಾಲ್ಕು ತಗೊಂಡಿದ್ದೇನೆ.

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬೆಳ್ಳೂರು ಕಡೆಯವ್ರು. ಅಜ್ಜನ ಕಾಲದ ಭತ್ತದ ಬೀಜ, ಸೌತೆ, ಅಲಸಂಡೆ ಬೀಜ ಎಲ್ಲ ಇಟ್ಕೊಂಡು ನೆರೆಕರೆಯವ್ರಿಗೆ ಕೊಡ್ತೇವೆ, ಕೆಲವ್ರು ದುಡ್ಡೂ ಕೊಡ್ತಾರೆ. ಹೊಸ ಬೀಜ ಮಸೂದೆ ಪ್ರಕಾರ ಹೀಗೆ ಕೊಟ್ರೆ 30 ಲಕ್ಷ ದಂಡ, ಜೈಲು ಅಂತ ವಾಟ್ಸಾಪಲ್ಲಿ ಬಂತು. ಹೌದಾ?

ಉತ್ತರ: ಅಲ್ಲ. ಆ ಮೆಸೇಜು ನಂಗೂ ಬಂದಿತ್ತು, ಮೂರು ಗ್ರೂಪಿಂದ. ವಿಷಯ ಎಂತ ಹೇಳಿದ್ರೆ, 2025ರ ನವೆಂಬರಲ್ಲಿ ಕೇಂದ್ರ ಕೃಷಿ ಇಲಾಖೆ ಬೀಜ ಮಸೂದೆಯ ಕರಡು ಹೊರಗೆ ಬಿಟ್ಟಿತು, 1966ರ ಹಳೇ ಬೀಜ ಕಾಯ್ದೆಯ ಜಾಗಕ್ಕೆ ಬರುವಂಥದ್ದು ಅದು. ಅಂಗಡಿಯಲ್ಲಿ ಮಾರುವ ತಳಿಗೆ ರಿಜಿಸ್ಟ್ರೇಶನ್ ಆಗ್ಬೇಕು, ಪ್ಯಾಕೆಟಲ್ಲಿ ಕ್ಯೂಆರ್ ಕೋಡ್ ಇರ್ಬೇಕು, ದೊಡ್ಡ ಮೋಸ ಮಾಡಿದವ್ರಿಗೆ 30 ಲಕ್ಷದವರೆಗೆ ದಂಡ, ಮೂರು ವರ್ಷದವರೆಗೆ ಜೈಲು, ಇದೆಲ್ಲ ಅದ್ರಲ್ಲಿ ಉಂಟು, ಸುಳ್ಳಲ್ಲ. ಆದ್ರೆ ಅದೇ ಕರಡಲ್ಲಿ ರೈತ ತಾನು ಬೆಳೆದ ಬೀಜವನ್ನು ಇಟ್ಕೊಳ್ಬಹುದು, ಬಿತ್ತಬಹುದು, ಹಂಚಬಹುದು, ಬದಲು ಮಾಡ್ಕೊಳ್ಬಹುದು, ಮಾರಲೂಬಹುದು ಅಂತಲೂ ಉಂಟು. ಒಂದೇ ಷರತ್ತು, ಬ್ರಾಂಡ್ ಹೆಸರು ಹಾಕಿ ಮಾರ್ಲಿಕ್ಕೆ ಇಲ್ಲ. ಮೆಸೇಜ್ ಮಾಡಿದವ್ರು ದಂಡದ ಸಾಲು ಓದಿ ಇದನ್ನು ಬಿಟ್ಟಿದ್ದಾರೆ.

ಇದು ಹೊಸ ಉಪಕಾರ ಅಂತ ತಿಳ್ಕೊಳ್ಬೇಡಿ. 1966ರ ಕಾಯ್ದೆಯ 24ನೇ ಸೆಕ್ಷನ್ ನೋಡಿ, ತಾನು ಬೆಳೆದ ಬೀಜವನ್ನು ತನ್ನ ಜಾಗದಲ್ಲೇ ಇನ್ನೊಬ್ಬನಿಗೆ ಬಿತ್ತನೆಗೆ ಅಂತ ನೇರ ಕೊಟ್ರೆ ಕಾಯ್ದೆ ಅನ್ವಯ ಆಗುದಿಲ್ಲ ಅಂತ ಅಲ್ಲೇ ಬರೆದುಂಟು. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಕಾಯ್ದೆಯ 39ನೇ ಸೆಕ್ಷನಲ್ಲಿ ಕಂಪೆನಿಯ ಸಂರಕ್ಷಿತ ತಳಿಯ ಬೀಜವನ್ನೂ ರೈತ ಇಟ್ಕೊಂಡು ಹಂಚಬಹುದು, ಬ್ರಾಂಡ್ ಹಾಕದೆ. 2019ರಲ್ಲಿ ಪೆಪ್ಸಿಕೋ ಕಂಪೆನಿ ಗುಜರಾತಿನ ಬಟಾಟೆ ಬೆಳೆಗಾರರ ಮೇಲೆ ಕೋಟಿ ಲೆಕ್ಕದ ಕೇಸು ಹಾಕಿದಾಗ ರೈತರ ಕಡೆಯವ್ರು ಹಿಡ್ಕೊಂಡದ್ದು ಇದೇ ಸೆಕ್ಷನ್, ಆಮೇಲೆ ಕಂಪೆನಿ ಕೇಸು ವಾಪಾಸು ತಗೊಂಡಿತು.

ನಿಮ್ಮ ಪಂಚಾಯತಿನವ್ರೇ ಆದ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವ್ರು ಗ್ರೋಬ್ಯಾಗಲ್ಲಿ ಬೆಳೆಸಿ ಬೆಳೆಸಿ 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದ್ದಾರೆ, 2024ರಲ್ಲಿ ಪದ್ಮಶ್ರೀ ಬಂತಲ್ವಾ. ಅವ್ರು ಶುರು ಮಾಡಿದ್ದು ರಾಜಕಯಮೆ ಅನ್ನುವ ಭತ್ತದ ಒಂದಿಷ್ಟು ಕಾಳಿಂದ. ಬೀಜ ಕೈಯಿಂದ ಕೈಗೆ ಹೋಗುದು ನಿಂತ್ರೆ ಇಂಥದ್ದು ಇನ್ನು ಆಗ್ಲಿಕ್ಕಿಲ್ಲ, ಅದಕ್ಕೇ ನೀವು ಹೆದ್ರಿ ಕೊಡುದು ನಿಲ್ಲಿಸ್ಬೇಡಿ ಅಂತ ನನ್ನ ಕಳಕಳಿಯ ಮಾತು.

ನಂಗೆ ಬೇಜಾರಿರುದು ಬೇರೆ ವಿಷಯಕ್ಕೆ. ಅಂಗಡಿ ಬೀಜ ಕೈ ಕೊಟ್ರೆ ರೈತನಿಗೆ ಬೇಗ ಪರಿಹಾರ ಸಿಕ್ಕುವ ದಾರಿ ಕರಡಲ್ಲಿ ಗಟ್ಟಿ ಇಲ್ಲ. ನಾನೇ ಒಂದು ವರ್ಷ ಪೇಟೆಯಿಂದ ಅಲಸಂಡೆ ಬೀಜ ತಂದು ಹಾಕಿದ್ದೆ, ಪ್ಯಾಕೆಟ್ ಮೇಲೆ ಚಂದದ ಫೋಟೋ, ಹತ್ತು ದಿನ ಕಳೆದ್ರೂ ಸಾಲಲ್ಲಿ ಅರ್ಧ ಗುಳಿ ಖಾಲಿ, ಮಣ್ಣು ಕೆದಕಿ ನೋಡಿದ್ರೆ ಬೀಜ ಕೊಳೆತು ಬೆರಳಿಗೆ ಅಂಟ್ತದೆ. ಪ್ಯಾಕೆಟ್ ಹುಡುಕಿದ್ರೆ ಹಟ್ಟಿಯ ಮೂಲೆಯಲ್ಲಿ ಇಲಿ ಕಡಿದು ಹಾಕಿತ್ತು, ಲಾಟ್ ನಂಬರ್ ಇದ್ದ ತುಂಡೇ ಇಲ್ಲ, ಬಿಲ್ಲು ಮೊದ್ಲೇ ಇಲ್ಲ. ಯಾರ ಹತ್ರ ಹೇಳುದು? ಅದೇ ಸಾಲಿನ ಕೊನೆಗೆ ಅಮ್ಮ ಬೂದಿಯಲ್ಲಿ ಹಾಕಿಟ್ಟ ಬೀಜ ಒಂದೂ ಬಿಡದೆ ಹುಟ್ಟಿತ್ತು. ಹಾಗಾಗಿ ಅಂಗಡಿ ಬೀಜ ತಂದ್ರೆ ಬಿಲ್ಲು, ಲೇಬಲ್, ಒಂದು ಮುಷ್ಟಿ ಬೀಜ, ಮೂರನ್ನೂ ಕೊಯ್ಲು ಮುಗಿಯುವವರೆಗೆ ತೆಗೆದಿಡಿ, ಗ್ರಾಹಕ ಕೋರ್ಟಿಗೆ ಹೋಗುದಾದ್ರೆ ಅದೇ ಸಾಕ್ಷಿ.

ಪ್ರಶ್ನೆ: 2020ರ ಮೂರು ಕೃಷಿ ಕಾನೂನು ಈಗ ಉಂಟಾ? ನಮ್ಮ ಅಡಿಕೆಗೆ ಎಂತಾದ್ರೂ ಆಗ್ತದಾ? (ಪೆರ್ಲ)

ಉತ್ತರ: ಇಲ್ಲ, 2021ರ ನವೆಂಬರ್ 29ಕ್ಕೆ ಪಾರ್ಲಿಮೆಂಟಿನಲ್ಲೇ ರದ್ದಾಯ್ತು. ಕೇರಳದಲ್ಲಿ ಎಪಿಎಂಸಿ ಕಾಯ್ದೆಯೇ ಇಲ್ಲ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಕೊಡಿ, ಊರಿನ ವ್ಯಾಪಾರಿಗೆ ಕೊಡಿ, ಮೊದ್ಲಿನ ಹಾಗೇ. ಗಡಿ ದಾಟಿ ವಿಟ್ಲಕ್ಕೋ ಪುತ್ತೂರಿಗೋ ಕೊಂಡೋದ್ರೆ ಮಾತ್ರ ಕರ್ನಾಟಕದ ಎಪಿಎಂಸಿ ನಿಯಮ ಬರ್ತದೆ.

ಪ್ರಶ್ನೆ: ನಾವು ಐದು ಜನ ಹೆಂಗಸ್ರು ಸೇರಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಮಾಡಿ ಬದಿಯಡ್ಕದ ಅಂಗಡಿಗೆ ಹಾಕ್ತೇವೆ. ಹಲಸು ನಮ್ಮದೇ ತೋಟದ್ದು. ಆದ್ರೂ ಫುಡ್ ಸೇಫ್ಟಿ ರಿಜಿಸ್ಟ್ರೇಶನ್ ಬೇಕಂತ ಹೇಳ್ತಾರೆ, ಇದು ನ್ಯಾಯವಾ?

ಉತ್ತರ: ಹಲಸಿನಕಾಯಿ ಹಾಗೇ ಕೊಟ್ರೆ ಬೇಡ. 2006ರ ಆಹಾರ ಸುರಕ್ಷತೆ ಕಾಯ್ದೆಯ 18ನೇ ಸೆಕ್ಷನಲ್ಲೇ ರೈತನಿಗೆ, ಅವ್ನ ಬೆಳೆಗೆ ಈ ಕಾಯ್ದೆ ಇಲ್ಲ ಅಂತ ಉಂಟು. ಆದ್ರೆ ಸೊಳೆ ಬೇಯಿಸಿ, ಕಡೆದು, ಒತ್ತಿ, ಒಣಗಿಸಿ ಪ್ಯಾಕೆಟ್ ಮಾಡಿ ಅಂಗಡಿಗೆ ಕೊಟ್ರೆ ಅದು ಬೆಳೆ ಅಲ್ಲ, ಆಹಾರ ವ್ಯಾಪಾರ, ಅಲ್ಲಿ ಕಾನೂನು ಬರ್ತದೆ. ನ್ಯಾಯವಾ ಕೇಳಿದ್ರೆ ನಂಗೆ ನ್ಯಾಯ ಅಂತಲೇ ಕಾಣ್ತದೆ, ತಿನ್ನುವವ್ರ ಮನೆಯಲ್ಲೂ ಸಣ್ಣ ಮಕ್ಕಳಿರ್ತಾರೆ. ಸಣ್ಣ ಮಟ್ಟದ ವ್ಯಾಪಾರ ಇರುವ ನಿಮ್ಮಂಥವ್ರಿಗೆ ಲೈಸೆನ್ಸ್ ಬೇಡ, ಬರೀ ರಿಜಿಸ್ಟ್ರೇಶನ್ ಸಾಕು, ಸರ್ಕಾರಿ ಆನ್‌ಲೈನ್ ಸೇವೆ ಸಿಕ್ಕುವ ಅಕ್ಷಯ ಕೇಂದ್ರದಲ್ಲಿ ಆಧಾರ್, ಫೋಟೋ ಕೊಟ್ರೆ ಆನ್‌ಲೈನಲ್ಲಿ ಹಾಕಿ ಕೊಡ್ತಾರೆ. 14 ಅಂಕಿಯ ನಂಬರ್ ಬರ್ತದೆ, ಅದನ್ನು ಲೇಬಲಲ್ಲಿ ಹಾಕಿ, ಜೊತೆಗೆ ಎಂತೆಲ್ಲ ಸೇರಿಸಿದ್ದು, ತೂಕ, ಮಾಡಿದ ತಾರೀಕು, ಎಷ್ಟು ದಿನದೊಳಗೆ ತಿನ್ಬೇಕು, ವಿಳಾಸ, ಹಸ್ರು ಚುಕ್ಕೆ. ತಾರೀಕಿನ ಸೀಲು ಹಾಕುವಾಗ ಶಾಯಿ ಸರಿ ಒಣಗ್ಲಿ, ಹಪ್ಪಳದ ಎಣ್ಣೆ ತಾಗಿ ಅಳಿಸಿ ಹೋದ್ರೆ ಅಂಗಡಿಯವ್ರು ವಾಪಾಸು ಕೊಡ್ತಾರೆ. ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಯೂನಿಟ್ ಆದ್ರೂ ರಿಜಿಸ್ಟ್ರೇಶನ್ ಬೇಕೇ.

ಪ್ರಶ್ನೆ: ಬೈಲಿನ ಗದ್ದೆ ಆರು ವರ್ಷದಿಂದ ಹಡ್ಲು ಬಿದ್ದಿದೆ, ಕೆಲ್ಸಕ್ಕೆ ಜನ ಇಲ್ಲ. ಮಣ್ಣು ಹಾಕಿ ಅಡಿಕೆ ಸಸಿ ನೆಡ್ಬಹುದಾ? ಸಸಿಗೆ ಅಡ್ವಾನ್ಸ್ ಕೊಟ್ಟಾಯ್ತು. (ಮುಳ್ಳೇರಿಯ)

ಉತ್ತರ: ಮಣ್ಣು ಹಾಕ್ಬೇಡಿ. 2008ರ ಕೇರಳ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆಯಲ್ಲಿ ಗದ್ದೆ ತುಂಬಿಸಿದ್ರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಹಡ್ಲು ಬಿದ್ದದ್ದು ನೆವ ಆಗುದಿಲ್ಲ, ಗದ್ದೆ ಗದ್ದೆಯೇ. ನಿಮ್ಮ ಕಷ್ಟ ನಂಗೆ ಗೊತ್ತುಂಟು, ನಮ್ಮ ಬೈಲಲ್ಲೂ ನೇಜಿ ನೆಡುವವ್ರು ಸಿಕ್ಕುದಿಲ್ಲ. ಆದ್ರೆ ಬೈಲು ತುಂಬಿಸಿದ ಕಡೆ ಕೆಳಗಿನ ಬಾವಿ ಬೇಗ ಬತ್ತಿದ್ದನ್ನೂ ನೋಡಿದ್ದೇನೆ. ಮೊದ್ಲು ಕೃಷಿಭವನಕ್ಕೆ ಹೋಗಿ ಸರ್ವೆ ನಂಬರ್ ಕೊಟ್ಟು ಡಾಟಾ ಬ್ಯಾಂಕಲ್ಲಿ, ಅಂದ್ರೆ ಗದ್ದೆಗಳ ಸರ್ಕಾರಿ ಪಟ್ಟಿಯಲ್ಲಿ, ಹೇಗೆ ಬರೆದಿದ್ದಾರೆ ನೋಡಿ. 2008ರ ಮೊದ್ಲೇ ತೋಟ ಆಗಿದ್ದ ಜಾಗ ತಪ್ಪಿ ಗದ್ದೆ ಅಂತ ಸೇರಿದ್ರೆ ಆರ್‌ಡಿಓಗೆ (ಕಂದಾಯ ವಿಭಾಗದ ಅಧಿಕಾರಿ) ಫಾರಂ 5ರಲ್ಲಿ ಅರ್ಜಿ ಹಾಕ್ಲಿಕ್ಕೆ ಆಗ್ತದೆ, ನಿಮ್ದು ಹಾಗಲ್ಲ ಅಂತ ಕಾಣ್ತದೆ. ಭತ್ತದ ಎಡೆಯಲ್ಲಿ ಉದ್ದು, ಹೆಸ್ರು, ಸೌತೆ, ತರಕಾರಿ ಮಾಡ್ಲಿಕ್ಕೆ ಅಡ್ಡಿಯಿಲ್ಲ, ಗದ್ದೆಯ ರೂಪ ಕೆಡ್ಬಾರ್ದು ಅಷ್ಟೇ. ಅಡ್ವಾನ್ಸ್ ಕೊಟ್ಟ ಸಸಿ ಹಾಳಾಗುದು ಬೇಡ, ಗುಡ್ಡೆ ಬದಿಯಲ್ಲಿ ನೀರು ಸಿಕ್ಕುವ ಜಾಗ ಇದ್ರೆ ಈ ಮಳೆಗೆ ಅಲ್ಲಿ ಗುಂಡಿ ತೆಗೆಸಿ.