ಗೇಮ್ ಶುರುವಾದರೆ ಪಿಸಿ ಆಫ್: ತಪ್ಪು ಮದರ್‌ಬೋರ್ಡಿನದೇನಾ?

ಪ್ರಶ್ನೆ: ಎಂಟು ತಿಂಗಳ ಹಿಂದೆ ಮಗನೂ ನಾನೂ ಸೇರಿ ಮನೆಯಲ್ಲೇ ಪಿಸಿ ಜೋಡಿಸಿದೆವು. ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 ಟಿಐ ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ್‍ಯಾಮ್, 550 ವ್ಯಾಟ್ ಎಸ್‌ಎಂಪಿಎಸ್ (ಪಿಸಿಯೊಳಗಿನ ಪವರ್ ಸಪ್ಲೈ ಡಬ್ಬಿ). ಬ್ರೌಸಿಂಗ್, ಸಿನಿಮಾ ಎಲ್ಲಕ್ಕೂ ಆರಾಮಾಗಿದೆ. ಗೇಮ್ ಹಾಕಿ ಹತ್ತು ನಿಮಿಷ ಆದರೆ ಸಾಕು, ತಟ್ಟನೆ ಆಫ್ ಆಗಿ ತಾನೇ ಮತ್ತೆ ಆನ್ ಆಗುತ್ತದೆ. ನೀಲಿ ಪರದೆಯೂ ಬರುವುದಿಲ್ಲ. ವಿಂಡೋಸ್‌ನಲ್ಲಿ 'ಕರ್ನಲ್-ಪವರ್ 41' ಅಂತ ದಾಖಲಾಗಿದೆ. 600 ವಿಎ ಯುಪಿಎಸ್ ಇದೆ. ಅಂಗಡಿಯವರು ಮದರ್‌ಬೋರ್ಡ್ ಬದಲಿಸಿ ಅನ್ನುತ್ತಿದ್ದಾರೆ. ಬದಲಿಸಬೇಕಾ? — ದಾವಣಗೆರೆಯ ಓದುಗರು

ಉತ್ತರ: ಸದ್ಯಕ್ಕೆ ಬೇಡ. ಸುಮ್ನೆ ಕೂತಾಗ ದಿನವಿಡೀ ನಡೆಯುವ, ಭಾರ ಬಿದ್ದಾಗ ಮಾತ್ರ ಸಾಯುವ ಪಿಸಿಯಲ್ಲಿ ಮದರ್‌ಬೋರ್ಡ್ ಮೇಲೆ ಅನುಮಾನ ಪಡುವುದು ಕೊನೆಗೆ. ಅದನ್ನು ಬದಲಿಸಲು ಇಡೀ ಪಿಸಿ ಬಿಚ್ಚಬೇಕು. ಬಿಚ್ಚದೆ ನೋಡಬಹುದಾದದ್ದೇ ಇನ್ನೂ ಬೇಕಾದಷ್ಟಿದೆ.

'ಕರ್ನಲ್-ಪವರ್ 41' ನೋಡಿ ಗಾಬರಿ ಆಗಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ಪಿಸಿ ನಿಂತಿತ್ತು ಅಂತಷ್ಟೇ ಅದರ ಅರ್ಥ. ಪ್ಲಗ್ ಕಿತ್ತರೂ ಅದೇ ಬರುತ್ತದೆ. ಅದರ ವಿವರದಲ್ಲಿ 'ಬಗ್‌ಚೆಕ್ ಕೋಡ್' ಸೊನ್ನೆ ಇದ್ದರೆ, ಎರರ್ ಬರೆದುಕೊಳ್ಳುವಷ್ಟು ಸಮಯವೂ ವಿಂಡೋಸ್‌ಗೆ ಸಿಕ್ಕಿಲ್ಲ. ಆಗ ಮೊದಲು ನೋಡಬೇಕಾದ್ದು ಕರೆಂಟಿನ ದಾರಿ.

ನೀವು ಒಂದು ವಿಷಯ ಬರೆದಿಲ್ಲ. ಪಿಸಿ ಆಫ್ ಆದಾಗ ಮಾನಿಟರ್ ಏನಾಗುತ್ತದೆ? ಅದನ್ನೂ ಯುಪಿಎಸ್‌ಗೇ ಹಾಕಿದ್ದೀರಿ ಅಂದುಕೊಳ್ಳೋಣ. ಮಾನಿಟರಿನ ಪುಟ್ಟ ದೀಪವೂ ಆರಿದರೆ ತಪ್ಪು ಯುಪಿಎಸ್‌ನದು. ದೀಪ ಉಳಿದು 'ನೋ ಸಿಗ್ನಲ್' ಅಂತ ಬಂದರೆ ಕ್ಯಾಬಿನೆಟ್ ಒಳಗೆ ಹುಡುಕಬೇಕು.

ನನ್ನ ಮೊದಲ ಅನುಮಾನ ಯುಪಿಎಸ್ ಮೇಲೇ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ. ಗೇಮ್ ಹೊತ್ತಿನಲ್ಲಿ ನಿಮ್ಮ ಗ್ರಾಫಿಕ್ಸ್ ಕಾರ್ಡ್ ಒಂದೇ 200 ವ್ಯಾಟ್ ಎಳೆಯುತ್ತದೆ, ಪ್ರೊಸೆಸರ್ 76ರವರೆಗೆ ಹೋಗುತ್ತದೆ. ಬೋರ್ಡ್, ಫ್ಯಾನ್, ಮಾನಿಟರ್, ಎಸ್‌ಎಂಪಿಎಸ್‌ನಲ್ಲಿ ಬಿಸಿಯಾಗಿ ಹೋಗುವ ಪಾಲು ಎಲ್ಲ ಸೇರಿಸಿ. 360 ದಾಟುವುದು ಕಷ್ಟವೇನಲ್ಲ. ವೋಲ್ಟೇಜ್ ಇಳಿದು ಯುಪಿಎಸ್ ಬ್ಯಾಟರಿಗೆ ಹಾರುವ ಕ್ಷಣದಲ್ಲೂ ಪಿಸಿ ಬೀಳಬಹುದು. ಆಗ ಮಾನಿಟರ್ ಉಳಿದುಕೊಂಡರೂ ಆಶ್ಚರ್ಯವಿಲ್ಲ. ಹಾಗಾಗಿ ದೀಪ ನೋಡಿ ಅಲ್ಲಿಗೇ ನಿಲ್ಲಿಸಬೇಡಿ. ಯುಪಿಎಸ್ ಪಕ್ಕಕ್ಕಿಟ್ಟು, ಅರ್ತಿಂಗ್ ಸರಿ ಇರುವ ಗೋಡೆಯ ಸಾಕೆಟ್‌ಗೆ ನೇರವಾಗಿ ಹಾಕಿ ಒಂದು ಸಂಜೆ ಆಡಿ. ರೀಸ್ಟಾರ್ಟ್ ನಿಂತರೆ ಬದಲಿಸಬೇಕಾದ್ದು ಯುಪಿಎಸ್: 1000 ವಿಎ ಮೇಲಿನದು, ಸಾಧ್ಯವಾದರೆ ಪ್ಯೂರ್ ಸೈನ್ ವೇವ್ (ಗೋಡೆಯ ಕರೆಂಟಿನಂತೆಯೇ ನಯವಾದ ಅಲೆ ಕೊಡುವಂಥದ್ದು).

ನಿಲ್ಲಲಿಲ್ಲ ಅಂದರೆ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿಗೆ ಬೇರೆ ಬೇರೆಯಾಗಿ ಭಾರ ಕೊಡಿ. ಸಿನಿಬೆಂಚ್ ಅನ್ನುವ ಸಾಫ್ಟ್‌ವೇರ್‌ನ ಪ್ರೊಸೆಸರ್ ಪರೀಕ್ಷೆ ಓಡಿಸಿದರೆ ಪ್ರೊಸೆಸರ್ ಮಾತ್ರ ದುಡಿಯುತ್ತದೆ. ಫರ್‌ಮಾರ್ಕ್ ಓಡಿಸಿದರೆ ಹೆಚ್ಚಿನ ಭಾರ ಕಾರ್ಡ್ ಮೇಲೆ ಬೀಳುತ್ತದೆ. ಪಕ್ಕದಲ್ಲಿ ಎಚ್‌ಡಬ್ಲ್ಯೂಇನ್ಫೋ ತೆರೆದು ಬಿಸಿ ಎಷ್ಟಿದೆ ನೋಡುತ್ತಿರಿ. ಪ್ರೊಸೆಸರ್ ಬಿಸಿಯಾದರೆ ಮೊದಲು ತಾನೇ ವೇಗ ಇಳಿಸಿಕೊಳ್ಳುತ್ತದೆ, ಗೇಮ್ ತಡವರಿಸುತ್ತದೆ. ಹಾಗೇನೂ ಆಗದೆ ಒಮ್ಮೆಲೇ ಕತ್ತಲಾದರೆ ಬಿಸಿಯ ಪಾತ್ರ ಕಡಿಮೆ ಅನ್ನಬಹುದು.

ಇನ್ನೊಂದು ಪರೀಕ್ಷೆ ನನಗೆ ತುಂಬ ಇಷ್ಟ, ಪೈಸೆ ಖರ್ಚಿಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಕಾರ್ಡಿನ ಪವರ್ ಲಿಮಿಟ್ ಅನ್ನು 70 ಪರ್ಸೆಂಟ್‌ಗೆ ಇಳಿಸಿ, ಅದೇ ಗೇಮ್ ಆಡಿ. ಈಗ ಗಂಟೆಗಟ್ಟಲೆ ನಡೆದರೆ ಎಸ್‌ಎಂಪಿಎಸ್ ಅಥವಾ ಅದರ ಕೇಬಲ್ ಸಾಕಾಗುತ್ತಿಲ್ಲ ಅನ್ನುವ ಅನುಮಾನ ಗಟ್ಟಿಯಾಯಿತು. 550 ವ್ಯಾಟ್ ಲೆಕ್ಕಕ್ಕೆ ಸಾಕು. ಆದರೆ ಈ ಕಾರ್ಡುಗಳು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತಮ್ಮ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತವೆ. ಸಾಧಾರಣ ಎಸ್‌ಎಂಪಿಎಸ್ ಅಲ್ಲಿ ಕೈಚೆಲ್ಲಿ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಮಲ್ಟಿಮೀಟರ್‌ಗೆ ಈ ನೆಗೆತ ಸಿಗುವುದಿಲ್ಲ. '12 ವೋಲ್ಟ್ ಸರಿಯಾಗಿ ಬರ್ತಿದೆ, ಎಸ್‌ಎಂಪಿಎಸ್ ಚೆನ್ನಾಗಿದೆ' ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ.

ನಿಮ್ಮ ಕಾರ್ಡಿಗೆ ಎರಡು ಪವರ್ ಸಾಕೆಟ್ ಇದ್ದರೆ ಒಂದೇ ಕೇಬಲಿನ ಎರಡು ತಲೆಗಳನ್ನು ಸಿಕ್ಕಿಸಿದ್ದೀರಾ ನೋಡಿ. ಎರಡು ಬೇರೆ ಕೇಬಲ್ ಎಳೆಯಿರಿ. ಕೊನೆಗೆ ಗೆಳೆಯರ ಹತ್ತಿರ ಒಳ್ಳೆಯ 650 ವ್ಯಾಟ್ ಎಸ್‌ಎಂಪಿಎಸ್ ಎರವಲು ತಂದು ಹಾಕಿ. ಒಂದು ಎಚ್ಚರಿಕೆ: ಅದರ ಕೇಬಲ್‌ಗಳನ್ನೂ ಅದರ ಜೊತೆಗೇ ತನ್ನಿ. ಮಾಡ್ಯುಲರ್ ಕೇಬಲ್ (ಎಸ್‌ಎಂಪಿಎಸ್‌ನಿಂದ ಕಳಚಬಹುದಾದದ್ದು) ನೋಡಲು ಒಂದೇ ಥರ ಇದ್ದರೂ ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಹಳೆಯ ಕೇಬಲ್ಲನ್ನೇ ಚುಚ್ಚಿ ಡಿಸ್ಕ್ ಸುಟ್ಟುಕೊಂಡವರಿದ್ದಾರೆ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರಬಹುದು. ತಪ್ಪು ಅದರದೇ ಅಂತಾದರೆ ಬಿಲ್ ಹುಡುಕಿ. ಎಂಟೇ ತಿಂಗಳಲ್ವಾ, ವಾರಂಟಿ ಇರಲೇಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಒಂದು ತಿಂಗಳು ಪಿಸಿ ಮುಟ್ಟಿರಲಿಲ್ಲ. ಮೊನ್ನೆ ಧೂಳು ತೆಗೆದು, ವೈರ್‌ಗಳನ್ನೆಲ್ಲ ಮತ್ತೆ ಹಾಕಿ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ. ಬೋರ್ಡಿನಲ್ಲಿ 'ಡಿರ್‍ಯಾಮ್' ಅಂತ ಬರೆದಿರುವ ದೀಪ ಉರಿಯುತ್ತಿದೆ. ಐ5 12400ಎಫ್ ಪ್ರೊಸೆಸರ್, ಎರಡು ಡಿಡಿಆರ್4 ರ್‍ಯಾಮ್. — ಶಿರಸಿಯ ಓದುಗರು

ಉತ್ತರ: ನಿಮ್ಮ ಬೋರ್ಡ್ ಅರ್ಧ ಉತ್ತರ ತಾನೇ ಹೇಳಿಬಿಟ್ಟಿದೆ: ತೊಂದರೆ ರ್‍ಯಾಮ್ ಕಡೆ. ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಪವರ್ ಬಟನ್ ಒಂದು ಸಲ ಒತ್ತಿ ಹಿಡಿದು ಉಳಿದ ಚಾರ್ಜ್ ಹೊರಹಾಕಿ. ಎರಡೂ ರ್‍ಯಾಮ್ ತೆಗೆಯಿರಿ. ಚಿನ್ನದ ಬಣ್ಣದ ಅಂಚನ್ನು ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ. ಐಸೊಪ್ರೊಪೈಲ್ ಆಲ್ಕೋಹಾಲ್ ಇದ್ದರೆ ಇನ್ನೂ ಒಳ್ಳೆಯದು. ನಾಲ್ಕು ಸ್ಲಾಟ್ ಇದ್ದರೆ, ಪ್ರೊಸೆಸರ್ ಕಡೆಯಿಂದ ಎರಡನೆಯದಕ್ಕೆ ಒಂದೇ ಒಂದನ್ನು ಹಾಕಿ 'ಟಕ್' ಅನ್ನುವವರೆಗೆ ಒತ್ತಿ. ಕೆಲವು ಬೋರ್ಡ್‌ಗಳಲ್ಲಿ ಒಂದು ಕಡೆ ಮಾತ್ರ ಕ್ಲಿಪ್ ಇರುತ್ತದೆ. ಕ್ಲಿಪ್ ಇಲ್ಲದ ಕಡೆ ರ್‍ಯಾಮ್ ಒಂದು ಕೂದಲೆಳೆಯಷ್ಟು ಮೇಲೆದ್ದೇ ಉಳಿಯುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಅಲ್ಲೇ ಜಾಸ್ತಿ ಜನ ಎಡವುತ್ತಾರೆ.

ಒಂದು ರ್‍ಯಾಮ್‌ನಲ್ಲಿ ಬಂದು ಇನ್ನೊಂದರಲ್ಲಿ ಬರದಿದ್ದರೆ ರ್‍ಯಾಮ್ ಕೆಟ್ಟಿದೆ. ಎರಡೂ ಒಂದು ಸ್ಲಾಟ್‌ನಲ್ಲಿ ಬಂದು ಇನ್ನೊಂದರಲ್ಲಿ ಬರದಿದ್ದರೆ ಸ್ಲಾಟ್ ಕೆಟ್ಟಿದೆ. ಎಲ್ಲೂ ಬರದಿದ್ದರೆ ಪ್ಲಗ್ ತೆಗೆದು, ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಐದು ನಿಮಿಷ ತೆಗೆದಿಟ್ಟು ಹಾಕಿ, ಬಯಾಸ್ (ಬೋರ್ಡಿನ ಮೂಲ ಸೆಟ್ಟಿಂಗ್) ರೀಸೆಟ್ ಆಗುತ್ತದೆ.

ದೀಪ ಆರಿದ ಮೇಲೂ ಪರದೆ ಕಪ್ಪಾಗಿದ್ದರೆ ಎಚ್‌ಡಿಎಂಐ ಎಲ್ಲಿ ಹಾಕಿದ್ದೀರಿ ನೋಡಿ. ಹೆಸರಿನ ಕೊನೆಗೆ 'ಎಫ್' ಇರುವ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಮದರ್‌ಬೋರ್ಡಿನ ಎಚ್‌ಡಿಎಂಐಗೆ ಹಾಕಿದರೆ ಏನೂ ಕಾಣುವುದಿಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಹಾಕಬೇಕು.

ಪ್ರಶ್ನೆ: ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ಎಸ್‌ಎಂಪಿಎಸ್ ಹೋಗಿದೆಯಾ? — ತುಮಕೂರಿನ ಓದುಗರು

ಉತ್ತರ: ಮನೆಯ ಅರ್ತಿಂಗ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಒಂದಿಷ್ಟು ಕರೆಂಟನ್ನು ಅರ್ತ್ ವೈರಿಗೆ ಬಿಡುತ್ತವೆ. ಆ ವೈರ್ ಎಲ್ಲಿಗೂ ಹೋಗದಿದ್ದರೆ ಕ್ಯಾಬಿನೆಟ್ ಮೇಲೆ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಕರೆಂಟ್ ತೀರಾ ಕಡಿಮೆ, ಆದ್ದರಿಂದ ಜುಮ್ ಅಷ್ಟೇ. ಆದರೆ ಎಸ್‌ಎಂಪಿಎಸ್ ನಿಜವಾಗಿ ಕೆಟ್ಟ ದಿನ ಕಾಪಾಡಬೇಕಾದ್ದೂ ಅದೇ ವೈರ್. ಅರ್ತಿಂಗ್ ಸರಿಯಾಗುವವರೆಗೆ ಪಿಸಿ ಬಳಸಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್‌ನಲ್ಲಿ ಫೇಸ್–ಅರ್ತ್ ನಡುವೆ ಅಳೆಸಿ: ಫೇಸ್–ನ್ಯೂಟ್ರಲ್ ನಡುವೆ ಇರುವಷ್ಟೇ, ಅಂದರೆ 230ರ ಆಸುಪಾಸು ಬರಬೇಕು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರ್ ಮೂಲಕ ಹಾಕಿದ್ದರೆ ಅದನ್ನು ಇವತ್ತೇ ತೆಗೆದುಹಾಕಿ.