ಡೊಳ್ಳು ಒಡೆಯುತ್ತಿಲ್ಲ, ಕೊಳಲು ಒಡೆಯುತ್ತಿದೆ

ಪ್ರಶ್ನೆ: ಮೇಡಂ, ನಮ್ಮೂರಿನ ಡೊಳ್ಳಿನ ತಂಡದ ಜೊತೆ ಸೇರಿ ಒಂದು ಹಾಡು ಮಾಡಿದ್ದೇವೆ. ಆರು ಡೊಳ್ಳು, ತಾಳ, ಕೊಳಲು. ಹಾಡಿರುವುದು ನನ್ನ ತಂಗಿ. ಎಲ್ಲವನ್ನೂ ಕೂಡಿಸಿದ ಮಿಕ್ಸ್ ಕೇಳಲು ಚೆನ್ನಾಗಿಯೇ ಇದೆ. ಆದರೆ ಕೊನೆಗೆ ಲಿಮಿಟರ್ ಹಾಕಿ ಸೌಂಡ್ ಏರಿಸಿದ ಕೂಡಲೇ ಡೊಳ್ಳು ಬಿದ್ದ ಕಡೆಯಲ್ಲೆಲ್ಲ ಗರಗರ ಅನ್ನುತ್ತದೆ. ಸೌಂಡ್ ಇಳಿಸಿದರೆ ಬೇರೆಯವರ ಹಾಡಿನ ಮುಂದೆ ನಮ್ಮದು ಸಪ್ಪೆ. ಸ್ಪಾಟಿಫೈ, ಯೂಟ್ಯೂಬ್ ಎರಡಕ್ಕೂ ಹಾಕಬೇಕು. ಯಾವ ಲಿಮಿಟರ್ ಕೊಂಡರೆ ಇದು ಸರಿಹೋಗುತ್ತದೆ? ಹಾಡಿನ ಫೈಲು, ಸೆಟ್ಟಿಂಗ್ ಫೋಟೊ ಎರಡನ್ನೂ ಕಳಿಸಿದ್ದೇನೆ.
– ಸಾಗರದ ಕಡೆಯ ಓದುಗ

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಲಿಮಿಟರ್ ಅಂದರೆ ಸದ್ದು ಒಂದು ಮಿತಿ ದಾಟದಂತೆ ಒತ್ತಿ ಹಿಡಿಯುವ ಸಾಧನ, ನಿಮ್ಮ ಹತ್ತಿರ ಇರುವುದೇ ಸಾಕು.

ಹಾಡನ್ನು ಪೂರ್ತಿ ಎರಡು ಸಲ ಕೇಳಿದೆ. ಆಮೇಲೆ 1 ನಿಮಿಷ 12 ಸೆಕೆಂಡಿನ ಜಾಗಕ್ಕೆ ಬಂದು ನಿಂತುಬಿಟ್ಟೆ. ಅಲ್ಲಿ ನಿಮ್ಮ ತಂಗಿಯ ಸಾಲು ಮುಗಿದು ಕೊಳಲು ಒಂದೇ ಸ್ವರವನ್ನು ಉದ್ದಕ್ಕೆ ಹಿಡಿಯುತ್ತದೆ. ಅದರ ಕೆಳಗೆ ಡೊಳ್ಳಿನ ನಾಲ್ಕು ಪೆಟ್ಟು. ಆ ಕೆಲವೇ ಸೆಕೆಂಡನ್ನು ಇಪ್ಪತ್ತು ಸಲವಾದರೂ ಕೇಳಿರಬೇಕು. ಡೊಳ್ಳು ಒಡೆಯುತ್ತಿದೆ ಅಂತ ನಿಮಗೆ ಅನಿಸಿದೆ. ಆದರೆ ಒಡೆಯುತ್ತಿರುವುದು ಡೊಳ್ಳಲ್ಲ, ಕೊಳಲು. ಡೊಳ್ಳಿನ ಪೆಟ್ಟಿನಲ್ಲಿ ಕೋಲಿನ ಟಕ್, ಚರ್ಮದ ಧಮ್ ಎಲ್ಲ ಕಲೆತಿರುತ್ತವೆ. ಅದರೊಳಗೆ ಸ್ವಲ್ಪ ಕೊಳೆ ಸೇರಿದರೂ ಗೊತ್ತಾಗುವುದಿಲ್ಲ. ಕೊಳಲಿನದು ನಯವಾದ ನಾದ. ಬಿಳಿ ಪಂಚೆಯ ಮೇಲೆ ಎಣ್ಣೆ ಬಿದ್ದ ಹಾಗೆ, ಚೂರು ಕೊಳೆಯೂ ಎದ್ದು ಕಾಣುತ್ತದೆ. ನೀವು ಡೊಳ್ಳಿನ ಟ್ರ್ಯಾಕ್‌ಗಳನ್ನೇ ಹುಡುಕಿದ್ದರೆ ಅಲ್ಲಿ ಏನೂ ಸಿಕ್ಕಿರಲಿಕ್ಕಿಲ್ಲ.

ಇದು ಯಾಕೆ ಆಗುತ್ತದೆ ಅನ್ನುವುದು ನಿಮ್ಮ ಫೋಟೊದಲ್ಲೇ ಇದೆ. ಗೇನ್, ಅಂದರೆ ಏರಿಸಿದ್ದು, 8 ಡೆಸಿಬೆಲ್ ಮೇಲೆ. ಸೀಲಿಂಗ್, ಅಂದರೆ ಸದ್ದು ದಾಟಬಾರದ ಮಿತಿ, 0. ರಿಲೀಸ್, ಅಂದರೆ ಒತ್ತಿದ್ದನ್ನು ಬಿಡಲು ಹಿಡಿಯುವ ಸಮಯ, 1 ಮಿಲಿಸೆಕೆಂಡ್. ಲಿಮಿಟರ್‌ಗೆ ಡೊಳ್ಳು ಬೇರೆ, ಕೊಳಲು ಬೇರೆ ಅಂತ ಗೊತ್ತಿಲ್ಲ. ಡೊಳ್ಳು ಮೇಲೆದ್ದರೆ ಇಡೀ ಹಾಡನ್ನೇ ಕೆಳಗೆ ಒತ್ತುತ್ತದೆ, ಆಮೇಲೆ ಬಿಡುತ್ತದೆ. ಡೊಳ್ಳಿನ ಧಮ್ ಸುಮಾರು 60 ಹರ್ಟ್ಜ್‌ನಲ್ಲಿದೆ ಅಂದುಕೊಳ್ಳಿ. ಆಗ ಒಂದು ಅಲೆ ಮುಗಿಯಲು ಹೆಚ್ಚು ಕಡಿಮೆ 17 ಮಿಲಿಸೆಕೆಂಡ್ ಬೇಕು. ನಿಮ್ಮ ಲಿಮಿಟರ್ ಒಂದೇ ಮಿಲಿಸೆಕೆಂಡಿಗೆ ಕೈ ಬಿಡುತ್ತಿದೆ. ಅಲೆ ಮೇಲೆ ಹೋದಾಗ ಒತ್ತಿ ಬಿಡುತ್ತದೆ, ಅದೇ ಅಲೆ ಕೆಳಗಿಳಿದಾಗ ಮತ್ತೆ ಒತ್ತಿ ಬಿಡುತ್ತದೆ. ಸೆಕೆಂಡಿಗೆ 120 ಸಲ! ಅಷ್ಟು ಬೇಗ ವಾಲ್ಯೂಮ್ ತಿರುಗಿಸಿದರೆ ಅದು ವಾಲ್ಯೂಮ್ ತಿರುಗಿಸಿದ ಹಾಗಲ್ಲ, ಅಲೆಯ ಆಕಾರವನ್ನೇ ಕೊರೆದ ಹಾಗೆ. ಜೊತೆಗಿದ್ದ ತಪ್ಪಿಗೆ ಕೊಳಲೂ ಅಷ್ಟೇ ಸಲ ನಡುಗುತ್ತದೆ. ನಿಮಗೆ ಕೇಳಿಸುತ್ತಿರುವ ಗರಗರ ಅದೇ.

ಬೇರೆ ಏನನ್ನೂ ಮುಟ್ಟದೆ ರಿಲೀಸನ್ನು 100 ಮಿಲಿಸೆಕೆಂಡಿಗೆ ತನ್ನಿ. ಗರಗರ ತಟ್ಟನೆ ಕಡಿಮೆಯಾಗುತ್ತದೆ. ಆದರೆ ಇನ್ನೊಂದು ತೊಂದರೆ ತಲೆ ಎತ್ತಬಹುದು. ಪ್ರತಿ ಪೆಟ್ಟಿಗೂ ಕೊಳಲು ಕುಗ್ಗಿ, ಮತ್ತೆ ಉಬ್ಬಿ ಬರುತ್ತದೆ. ನಾವು ಪಂಪಿಂಗ್ ಅನ್ನುವುದು ಇದನ್ನೇ. ನಿಮ್ಮ ಹಾಡಿನ ವೇಗ ನಿಮಿಷಕ್ಕೆ 110 ಪೆಟ್ಟಿನ ಹತ್ತಿರ ಇದೆ. ಅಂದರೆ ಎರಡು ಪೆಟ್ಟಿನ ನಡುವೆ ಸುಮಾರು 545 ಮಿಲಿಸೆಕೆಂಡ್. ಮುಂದಿನ ಪೆಟ್ಟು ಬೀಳುವ ಮೊದಲು ಕೊಳಲು ತನ್ನ ಜಾಗಕ್ಕೆ ವಾಪಸ್ ಬಂದಿರಬೇಕು. ಹಾಗಾಗಿ 100ರಿಂದ 200ರ ಒಳಗೆ ನಿಧಾನವಾಗಿ ತಿರುಗಿಸುತ್ತಾ, ಕಣ್ಣು ಮುಚ್ಚಿ ಕೇಳಿ. ಆಟೋ ರಿಲೀಸ್ ಇದ್ದರೆ ಅದನ್ನೂ ಹಾಕಿ ನೋಡಿ. ಲುಕ್‌ಅಹೆಡ್ ಇದ್ದರೆ ಎರಡು ಮೂರು ಮಿಲಿಸೆಕೆಂಡ್ ಕೊಡಿ. ಪೆಟ್ಟು ಬರುವುದು ಲಿಮಿಟರ್‌ಗೆ ಮೊದಲೇ ಗೊತ್ತಾದರೆ ಗಡಿಬಿಡಿಯಲ್ಲಿ ಕತ್ತರಿಸುವುದಿಲ್ಲ.

ಇಷ್ಟರಿಂದ ಅರ್ಧ ಕೆಲಸ ಆಯಿತು. ಉಳಿದರ್ಧ ಮಿಕ್ಸ್‌ನಲ್ಲಿದೆ, ನೀವು ಅಲ್ಲಿಗೇ ವಾಪಸ್ ಹೋಗಬೇಕು. ಲಿಮಿಟರ್ ಎಷ್ಟು ಒತ್ತುತ್ತಿದೆ ಅಂತ ತೋರಿಸುವ ಗೇನ್ ರಿಡಕ್ಷನ್ ಮುಳ್ಳನ್ನು ನೋಡಿ. ಡೊಳ್ಳು ಬಿದ್ದಾಗ 7 ಡೆಸಿಬೆಲ್ ಇಳಿಯುತ್ತದೆ, ಬೇರೆ ಕಡೆ ಹೆಚ್ಚು ಕಡಿಮೆ ಸೊನ್ನೆ. 7 ಡೆಸಿಬೆಲ್ ಭಾರವನ್ನು ಒಬ್ಬನೇ ಹೊರಲಿ ಅಂತ ಬಿಟ್ಟರೆ ಎಂಥ ಲಿಮಿಟರ್ ಆದರೂ ಬಾಗುತ್ತದೆ. ನನಗಂತೂ ಮುಳ್ಳು 3 ದಾಟಿದರೆ ಸಮಾಧಾನ ಇರುವುದಿಲ್ಲ.

ನಿಮ್ಮ ಫೈಲಿನಲ್ಲಿ 35 ಹರ್ಟ್ಜ್‌ಗಿಂತ ಕೆಳಗೆ ಬೇಕಾದಷ್ಟು ಸದ್ದು ತುಂಬಿದೆ. ಮರದ ಹಲಗೆಯ ಮೇಲೆ ಕುಣಿಯುತ್ತಾ ಬಾರಿಸಿದ್ದಾರೆ ಅಂತ ಬರೆದಿದ್ದಿರಲ್ಲ, ಆ ಹೆಜ್ಜೆಗಳು ಮೈಕ್ ಸ್ಟ್ಯಾಂಡನ್ನು ಅಲುಗಿಸಿರಬೇಕು. ಕಿವಿಗೆ ಅದು ಕೇಳಿಸುವುದೇ ಇಲ್ಲ ಅನ್ನಬಹುದು, ಆದರೆ ಲಿಮಿಟರ್‌ಗೆ ಕಾಣಿಸುತ್ತದೆ. ಅಷ್ಟನ್ನು ಮಾತ್ರ ಹೈ ಪಾಸ್ ಫಿಲ್ಟರ್‌ನಲ್ಲಿ ತೆಗೆದು ನೋಡಿದೆ. ಮುಳ್ಳು 7ರಿಂದ 5ಕ್ಕೆ ಬಂತು. ಹಾಡು ಬದಲಾದದ್ದು ಕಿವಿಗೆ ಗೊತ್ತೇ ಆಗಲಿಲ್ಲ. ನೀವು ಇದನ್ನು ಡೊಳ್ಳಿನ ಟ್ರ್ಯಾಕ್‌ಗಳಲ್ಲೇ ಮಾಡಿ. ಧಮ್ ತೆಳ್ಳಗಾಗುತ್ತಿದೆ ಅನ್ನಿಸಿದ ಕೂಡಲೇ ನಿಲ್ಲಿಸಿ.

ಆಮೇಲೆ ಆರು ಡೊಳ್ಳನ್ನೂ ಒಂದು ಬಸ್‌ಗೆ, ಅಂದರೆ ಒಂದೇ ಗುಂಪಿನ ಟ್ರ್ಯಾಕ್‌ಗೆ ಸೇರಿಸಿ, ಅದಕ್ಕೆ ಮಾತ್ರ ಒಂದು ಕ್ಲಿಪ್ಪರ್ ಹಾಕಿ. ಕೋಲಿನ ಪೆಟ್ಟಿನ ತುದಿಯಿಂದ ಎರಡು ಮೂರು ಡೆಸಿಬೆಲ್ ಕತ್ತರಿಸಿ. ಕತ್ತರಿಸುವಾಗ ಹುಟ್ಟುವ ಬೇಡದ ಸದ್ದನ್ನು ತಗ್ಗಿಸುವ ಓವರ್‌ಸ್ಯಾಂಪ್ಲಿಂಗ್ ಆನ್ ಮಾಡುವುದನ್ನು ಮರೆಯಬೇಡಿ. ಕ್ಲಿಪ್ಪರ್ ಅಂದರೂ ಡಿಸ್ಟಾರ್ಷನ್ನೇ, ಅಂದರೆ ಸದ್ದು ಒಡೆಯುವುದೇ ಅಲ್ವಾ ಅಂತ ಕೇಳಬಹುದು. ಹೌದು, ಅದೂ ಡಿಸ್ಟಾರ್ಷನ್ನೇ. ಆದರೆ ಆ ತುದಿ ಕಣ್ಣು ಮಿಟುಕಿಸುವುದರೊಳಗೆ ಬಂದು ಹೋಗುತ್ತದೆ, ಅಲ್ಲಿನ ಕೊಳೆ ಕೋಲಿನ ಸದ್ದಿನಲ್ಲೇ ಮುಚ್ಚಿಹೋಗುತ್ತದೆ. ಕೊಳಲಿಗೆ ಸೋಕುವುದೇ ಇಲ್ಲ. ಡೊಳ್ಳಿನ ಕೊಳೆ ಡೊಳ್ಳಿನಲ್ಲೇ ಇರಲಿ. ಇಷ್ಟು ಮಾಡಿ ಬಂದರೆ ಕೊನೆಯ ಲಿಮಿಟರ್‌ಗೆ ಎರಡು ಮೂರು ಡೆಸಿಬೆಲ್‌ನ ಕೆಲಸ ಮಾತ್ರ ಉಳಿಯುತ್ತದೆ.

ಸಪ್ಪೆಯಾಗುತ್ತದೆ ಅನ್ನುವ ನಿಮ್ಮ ಭಯಕ್ಕೆ ಬರುತ್ತೇನೆ. ಹಾಡಿನ ಒಟ್ಟು ಜೋರನ್ನು ಅಳೆಯುವ ಅಳತೆಗೆ ಎಲ್‌ಯುಎಫ್‌ಎಸ್ ಅಂತ ಹೆಸರು. ನಾವು ಲಫ್ಸ್ ಅಂತೀವಿ. ಯೂಲೀನ್ ಲೌಡ್‌ನೆಸ್ ಮೀಟರ್ ಪುಕ್ಕಟೆ ಸಿಗುತ್ತದೆ, ಹಾಕಿಕೊಳ್ಳಿ. ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಜೋರು ಜಾಸ್ತಿ. ನಿಮ್ಮ ಹಾಡು -8ರಲ್ಲಿದೆ. ಸ್ಪಾಟಿಫೈ ತನ್ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಎಲ್ಲ ಹಾಡನ್ನೂ -14ರ ಹತ್ತಿರಕ್ಕೆ ತರುತ್ತದೆ. ಅಂದರೆ ನಿಮ್ಮದನ್ನು 6 ಡೆಸಿಬೆಲ್ ಇಳಿಸುತ್ತದೆ. ಯೂಟ್ಯೂಬ್ ಕೂಡ ಜೋರಾಗಿರುವುದನ್ನು ಇಳಿಸುತ್ತದೆ. ಆ್ಯಪಲ್ ಮ್ಯೂಸಿಕ್‌ನಲ್ಲಿ ಸೌಂಡ್ ಚೆಕ್ ಅನ್ನುವ ಸೆಟ್ಟಿಂಗ್ ಹಾಕಿದ್ದರೆ ಲೆಕ್ಕ -16. ನೀವು ಕಷ್ಟಪಟ್ಟು ಏರಿಸಿದ್ದನ್ನು ಅವರು ಸುಲಭವಾಗಿ ಇಳಿಸುತ್ತಾರೆ. ಏರಿಸುವಾಗ ಚಪ್ಪಟೆಯಾದ ಪೆಟ್ಟು ಮಾತ್ರ ಚಪ್ಪಟೆಯಾಗಿಯೇ ಉಳಿಯುತ್ತದೆ. ಪಕ್ಕದಲ್ಲಿ -12ರಲ್ಲಿ ಮಾಡಿದ ಹಾಡು ಬಂದರೆ ಜೋರು ಎರಡರದ್ದೂ ಒಂದೇ, ಆದರೆ ಎದೆಗೆ ಬಡಿಯುವುದು ಅವರ ಡೊಳ್ಳು.

ಹಾಗಂತ -14ಕ್ಕೇ ಕಟ್ಟುಬೀಳಿ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಾರಿನ ಪೆನ್‌ಡ್ರೈವ್, ಜಾತ್ರೆಯ ಮೈಕ್‌ಸೆಟ್‌ಗಳಲ್ಲಿ ಹಾಗೆ ಸರಿದೂಗಿಸುವವರು ಯಾರೂ ಇರುವುದಿಲ್ಲ. ನಿಮ್ಮ ಹಾಡು ಅಲ್ಲೂ ಬಾರಿಸಬೇಕು. ನನ್ನ ಅಂದಾಜಿಗೆ -11ರ ಆಸುಪಾಸು ಇದಕ್ಕೆ ಒಪ್ಪುತ್ತದೆ.

ಸೀಲಿಂಗ್ 0 ಬೇಡ, -1ಕ್ಕಾದರೂ ಇಳಿಸಿ. ಟ್ರೂ ಪೀಕ್ ಅನ್ನುವ ಗುಂಡಿ ಇದ್ದರೆ ಒತ್ತಿ. ನಮ್ಮ ಫೈಲು ಸೆಕೆಂಡಿಗೆ 44,100 ಚುಕ್ಕಿಗಳಲ್ಲಿ ಅಲೆಯನ್ನು ಹಿಡಿದಿಡುತ್ತದೆ. ಎರಡು ಚುಕ್ಕಿಗಳ ನಡುವೆ ಅಲೆ ಇನ್ನೂ ಮೇಲೆ ಹೋಗಬಹುದು. ಅಂಗಳದ ರಂಗೋಲಿಯಲ್ಲಿ ಚುಕ್ಕಿಗಳ ಹೊರಗೆ ಎಳೆ ಬಳಸಿ ಬರುತ್ತದಲ್ಲ, ಹಾಗೆ. ಮಾಮೂಲಿ ಮೀಟರ್ ಚುಕ್ಕಿ ಮಾತ್ರ ನೋಡುತ್ತದೆ. ಫೈಲನ್ನು ಎಂಪಿ3 ತರಹದ ಚಿಕ್ಕ ಫೈಲಿಗೆ ಬದಲಾಯಿಸಿದಾಗ ತುದಿಗಳು ಇನ್ನೂ ಏರುತ್ತವೆ. -14ಕ್ಕಿಂತ ಜೋರಾದ ಹಾಡಾದರೆ -2 ಇಡಿ ಅಂತ ಸ್ಪಾಟಿಫೈಯವರೇ ಹೇಳುತ್ತಾರೆ, ನಿಮ್ಮದೂ ಆ ಸಾಲಿಗೇ ಸೇರುತ್ತದೆ.

ಮಾಸ್ಟರಿಂಗ್, ಅಂದರೆ ಮಿಕ್ಸ್ ಆದ ಹಾಡಿಗೆ ಕೊನೆಯ ಹದ ಕೊಡುವ ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ವೀಣೆಯ ಸಿಡಿ ನನ್ನ ಕೈಗೆ ಬಂತು. ಇನ್ನೂ ಜೋರು ಬೇಕು ಅಂದರು, ಏರಿಸಿ ಕೊಟ್ಟೆ. ಸ್ಟುಡಿಯೊದಲ್ಲಿ ಕೇಳಿದಾಗ ಖುಷಿಯಾಗಿತ್ತು. ತಿಂಗಳಾದ ಮೇಲೆ ಬೆಳಗಿನ ಹೊತ್ತು ಒಬ್ಬರ ಮನೆಯಲ್ಲಿ ಅದೇ ಸಿಡಿ ಸಣ್ಣಗೆ ಕೇಳಿಬರುತ್ತಿತ್ತು. ಪ್ರತಿ ಮೀಟಿನಲ್ಲೂ ತಂತಿಯ ತುದಿ ಬಿರಿದಿತ್ತು. ಅವರು ಕಾಫಿ ಕೊಟ್ಟರು. ಕುಡಿಯಲು ಆಗಲಿಲ್ಲ. ಜೋರಾಗಿದ್ದರೆ ಕಿವಿಗೆ ಎಲ್ಲವೂ ಚೆಂದವೇ, ಆ ದಿನ ನನಗದು ಅರ್ಥವಾಯಿತು.

ಅಂದಿನಿಂದ ಎರಡು ಪರೀಕ್ಷೆ ಬಿಟ್ಟಿಲ್ಲ. ಲಿಮಿಟರ್‌ನಲ್ಲಿ 5 ಏರಿಸಿದರೆ, ಅದರ ನಂತರ 5 ಇಳಿಸಿ, ಹಾಕಿದ್ದು ಹಾಕದ್ದು ಎರಡನ್ನೂ ಒಂದೇ ಜೋರಿನಲ್ಲಿ ಹೋಲಿಸಿ ಕೇಳುತ್ತೇನೆ. ಇನ್ನೊಂದು, ಡೆಲ್ಟಾ. ಅದನ್ನು ಒತ್ತಿದರೆ ಲಿಮಿಟರ್ ಕಿತ್ತು ಹಾಕಿದ್ದು ಮಾತ್ರ ಕೇಳಿಸುತ್ತದೆ. ನಿಮ್ಮ ಹಾಡಿನ ಡೆಲ್ಟಾದಲ್ಲಿ ಬರೀ ಕೋಲಿನ ಟಕ್ ಟಕ್ ಬಂದರೆ ಸರಿ. ನಿಮ್ಮ ತಂಗಿ ಹಾಡಿದ ಪದಗಳು ಅದರಲ್ಲಿ ಅರ್ಥವಾಗುವಷ್ಟು ಕೇಳಿಸಿದರೆ, ಜಾಸ್ತಿ ಒತ್ತಿದ್ದೀರಿ ಅಂತ ಲೆಕ್ಕ.

ಹೊಸ ಮಿಕ್ಸ್ ಆದ ಮೇಲೆ ಆ 1 ನಿಮಿಷ 12 ಸೆಕೆಂಡಿನ ಜಾಗವನ್ನಾದರೂ ನನಗೆ ಕಳಿಸಿ. ಕೊಳಲಿನವರು ಅಲ್ಲಿ ಉಸಿರು ಹಿಡಿದ ರೀತಿ ಬಹಳ ಚೆನ್ನಾಗಿದೆ. ಅದು ಪೂರ್ತಿ ಕೇಳಿಸಬೇಕು.

ಪ್ರಶ್ನೆ: ಮಾಸ್ಟರಿಂಗ್‌ಗೆ ಕೊಡುವ ಮಿಕ್ಸ್ ಎಷ್ಟು ಡೆಸಿಬೆಲ್ ಕೆಳಗಿರಬೇಕು? ಒಬ್ಬರು 6 ಅಂತಾರೆ, ಇನ್ನೊಬ್ಬರು 3 ಅಂತಾರೆ.
– ಹುಬ್ಬಳ್ಳಿಯ ಓದುಗರು

ಉತ್ತರ: ಅಂಥ ಲೆಕ್ಕ ಯಾವುದೂ ಇಲ್ಲ. 24 ಬಿಟ್ ವೇವ್ ಫೈಲ್ ಇರಲಿ, ಎಲ್ಲೂ 0 ಮುಟ್ಟದಿರಲಿ, ಅಷ್ಟೇ. ಮಾಸ್ಟರ್ ಟ್ರ್ಯಾಕ್‌ನಲ್ಲಿ ನೀವೇ ಹಾಕಿಕೊಂಡ ಲಿಮಿಟರ್ ಇದ್ದರೆ ಆಫ್ ಮಾಡಿ ಒಂದು ಫೈಲ್ ಕೊಡಿ. ಹಾಕಿದ್ದೂ ಇಷ್ಟವಾಗಿದ್ದರೆ ಅದನ್ನೂ ಬೇರೆ ಹೆಸರಿನಲ್ಲಿ ಜೊತೆಗೆ ಕಳಿಸಿ, ನಿಮ್ಮ ಮನಸ್ಸಿನಲ್ಲಿರುವುದು ಏನು ಅಂತ ನಮಗೂ ತಿಳಿಯುತ್ತದೆ. ಎಂಪಿ3 ಮಾತ್ರ ಬೇಡ.