ನಮ್ಮ ಮೀನು ಗೋವಾದಿಂದ ಬರುವುದಲ್ಲ

"ನಿಮ್ಮ ಕಾರವಾರಕ್ಕೆ ಮೀನೆಲ್ಲ ಗೋವಾದಿಂದಲೇ ಬರೋದಲ್ವಾ? ನೀವೂ ಅರ್ಧ ಗೋವಾದವರೇ ಬಿಡು" ಅಂದೆಯಲ್ಲ ಮಾರಾಯಾ, ಫೋನಿನಲ್ಲಿ ಸಿಟ್ಟು ಬಂದು ಉತ್ತರ ಹೇಳಲಿಕ್ಕೆ ಆಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ನಮ್ಮ ಬೈತಖೋಲ ಬಂದರಿನಲ್ಲಿ ಬೋಟು ಬಂದು ನಿಂತಾಗ ಒಮ್ಮೆ ನೋಡಬೇಕು ನೀನು. ಒಳ್ಳೆಯ ಇಸ್ವಾಣ, ಪಾಪ್ಲೆಟ್, ದೊಡ್ಡ ಶೆಟ್ಲಿ (ಸಿಗಡಿ) ನಮ್ಮ ಪೇಟೆಯ ಮುಖ ನೋಡುವ ಮೊದಲೇ ಐಸ್ ಹಾಕಿಸಿಕೊಂಡು ಲಾರಿ ಹತ್ತುತ್ತವೆ. ಕಾಳಿ ನದಿಯ ಸೇತುವೆ, ಸದಾಶಿವಗಡ, ಮಾಜಾಳಿ, ಅಷ್ಟೇ, ಆಚೆ ಗೋವಾ. ಗಡಿ ದಾಟಿದ ಗಳಿಗೆಯಿಂದ ಅದು 'ಗೋವಾದ ಮೀನು'. 2018ರಲ್ಲಿ ಮೀನು ಕೆಡದಿರಲಿಕ್ಕೆ ಫಾರ್ಮಾಲಿನ್ ಎಂಬ ರಾಸಾಯನಿಕ ಹಾಕುತ್ತಾರೆ ಅಂತ ಗಲಾಟೆ ಎದ್ದು, ಹೊರಗಿನ ಮೀನಿಗೆ ಗೋವಾದಲ್ಲಿ ತಡೆ ಬಿದ್ದಾಗ ನಮ್ಮ ಮೀನುಗಾರರು ಬೀದಿಗಿಳಿದಿದ್ದು ಸುಮ್ಮನೆ ಅಲ್ಲ. ಮೀನು ಆ ಕಡೆಯಿಂದ ಬರುವುದಾಗಿದ್ದರೆ ಇಲ್ಲಿಯವರ ಹೊಟ್ಟೆಗೆ ಯಾಕೆ ಹೊಡೆತ ಬೀಳುತ್ತಿತ್ತು? ದಿನಾ ಸಂತೆಗೆ ಹೋಗುವ ನನಗೆ ಮಾತ್ರ ಎರಡೂ ಕಡೆಯಿಂದ ಪೆಟ್ಟು. ಲಾರಿ ಹೋದರೆ ಇಲ್ಲಿ ಇಸ್ವಾಣ ಮುಟ್ಟುವ ಹಾಗಿಲ್ಲ, ಹೋಗದಿದ್ದರೆ ಹಿಡಿದವನಿಗೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ. ಯಾರ ಪರ ಮಾತಾಡಲಿ ಹೇಳು. ಪ್ರತಿ ಸಲ ಖಾಲಿ ಚೀಲ ಹಿಡಿದುಕೊಂಡು ಇದನ್ನೇ ಯೋಚಿಸುತ್ತೇನೆ.

ಆದರೂ ಬರಿಗೈಯಲ್ಲಿ ಮನೆಗೆ ಬಂದದ್ದಿಲ್ಲ. ಬಂಗುಡೆ ಇದೆ, ತಾರ್ಲಿ ಇದೆ. ಇಳಿತದ ಹೊತ್ತಿಗೆ ಕಾಳಿಯಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಹೆಂಗಸರು ಹೆಕ್ಕಿ ತಂದ ತಿಸ್ರೆ ಚಿಪ್ಪು ಇದೆ. ಭಾನುವಾರದ ಸಂತೆಗೆ ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಸಮುದಾಯದ ಅಮ್ಮಂದಿರು ಬಸಳೆ, ಹರಿವೆ, ಮೊಗೆಕಾಯಿ ಹೊತ್ತು ತರುತ್ತಾರೆ. ಅವರ ಕನ್ನಡ ಕೇಳಿದರೆ ನಿನ್ನ 'ಅರ್ಧ ಗೋವಾ' ಅಲ್ಲೇ ಕರಗಿ ಹೋಗುತ್ತದೆ.

ಹೌದು, ಮೀನಿನ ಬುಟ್ಟಿಯೆದುರು ನಾನೂ ಕೊಂಕಣಿಯಲ್ಲೇ ಚೌಕಾಶಿ ಮಾಡುತ್ತೇನೆ. ಮನೆಯಲ್ಲಿ ಕನ್ನಡ. ಮೀನು ಮಾರುವವಳು ಬಂಗುಡೆಯನ್ನು ಕೊಂಕಣಿಯಲ್ಲಿ ಎಣಿಸುತ್ತಾಳೆ, "ನಾಳೆ ಬಾ ಅಣ್ಣಾ, ಒಳ್ಳೇದು ತೆಗೆದಿಡ್ತೆ" ಅಂತ ಕನ್ನಡದಲ್ಲಿ ಹೇಳುತ್ತಾಳೆ. ಇದರಲ್ಲಿ ಯಾರ ಕನ್ನಡತನ ಕಡಿಮೆಯಾಯಿತು? 1862ರಲ್ಲಿ ನಮ್ಮನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದೆವು, 1967ರಲ್ಲಿ ಮಹಾರಾಷ್ಟ್ರದ ಜತೆಗಿನ ಗಡಿ ವಿವಾದದ ಮಹಾಜನ ವರದಿಯೂ ಕಾರವಾರ ಇಲ್ಲೇ ಇರಲಿ ಅಂತ ಹೇಳಿತು. ಇಷ್ಟೆಲ್ಲ ಆದಮೇಲೂ ಬೆಂಗಳೂರಿನ ಗೆಳೆಯನಿಗೆ ನಾನು ಇಲ್ಲಿಯವನೇ ಅಂತ ಬಿಡಿಸಿ ಹೇಳಬೇಕಲ್ಲ, ಅದು ನೋವಾಗುತ್ತದೆ.

ಬರುವುದಾದರೆ ಮೇ ತಿಂಗಳಲ್ಲಿ ಬಾ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟು ಕಡಲಿಗೆ ಇಳಿಯುವುದಿಲ್ಲ, ಆಗ ಒಣಮೀನೇ ಗತಿ. ಮೇನಲ್ಲಾದರೆ ಹೆದ್ದಾರಿಯ ಬದಿಗೆ ಕುಮಟೆಯ ಸಿಹಿ ಈರುಳ್ಳಿಯ ಗೊಂಚಲು ತೂಗುಹಾಕಿರುತ್ತಾರೆ, ಅಂಕೋಲೆಯ ಕರಿ ಇಷಾಡು ಬಂದಿರುತ್ತದೆ. ಆ ಮಾವು ಹಣ್ಣಾದಮೇಲೆ ಹೆಚ್ಚು ದಿನ ತಡೆಯುವುದಿಲ್ಲ, ಕಳಿಸಿಕೊಡು ಅಂತ ಕೇಳಬೇಡ. ಇಲ್ಲೇ, ನಮ್ಮ ಜಗಲಿಯ ಮೇಲೆ ಕೂತು ತಿನ್ನಬೇಕು.